ಮಹದೇವು ಅವರ ಮೂವತ್ತಾರು ಯೂನಿಟ್ಟು

ದಟ್ಟಗಳ್ಳಿಯ ದೇವಿರಮ್ಮನಿಗೆ ಕತ್ತಲಲ್ಲಿ ಸೊಪ್ಪು ಬಿಡಿಸಲು ಬರುತ್ತದೆ. ಕತ್ತಲಲ್ಲೇ ಅಕ್ಕಿಯನ್ನೂ ಆರಿಸುತ್ತಾರೆ, ಕಲ್ಲು ಯಾವುದು ಕಾಳು ಯಾವುದು ಎಂದು ಬೆರಳೇ ಹೇಳುತ್ತದೆ. ಇದು ಯಾವ ಗುರುವೂ ಕೊಟ್ಟ ವಿದ್ಯೆಯಲ್ಲ ಸ್ವಾಮಿ, ತಾಳಿ ಕಟ್ಟಿದವರು ಮೂವತ್ತೊಂದು ವರ್ಷ ಬಿಡದೆ ಕಲಿಸಿದ್ದು.

ಆ ಮಹಾನುಭಾವರ ಹೆಸರು ಮಹದೇವು. ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮುಂದೆ ನಿಂತೂ ನಿಂತೂ ರಿಟೈರ್ ಆದವರು. ಒಂದು ಹೊತ್ತಿಗೆ ಮನೆಯಲ್ಲಿ ಒಂದೇ ದೀಪ ಎಂಬುದು ಅವರ ಕಾನೂನು. ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿದ್ದರೆ ಒಬ್ಬರು ಕತ್ತಲಲ್ಲಿರಬೇಕು. ಆ ಒಬ್ಬರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಫ್ಯಾನು ನೆಂಟರಿಗೆ ಮಾತ್ರ, ಅದೂ ಅವರು ಬೆವರಿದ್ದು ಇವರ ಕಣ್ಣಿಗೆ ಬಿದ್ದರೆ. ಫ್ರಿಜ್ಜಿನ ಮಾತೆತ್ತಿದರೆ, "ಮಾಡಿದ್ದನ್ನ ಅವತ್ತೇ ತಿಂದ್ಬುಟ್ರೆ ಅದ್ಯಾತಕ್ಕೆ?" ಎನ್ನುತ್ತಿದ್ದರು. ತಾಮ್ರದ ರೇಟು ಏರಿದ ವರ್ಷ ಬಚ್ಚಲಿನ ಹಂಡೆಯನ್ನು ತೂಕಕ್ಕೆ ಹಾಕಿ, ನಾಲ್ಕು ಪ್ಲಾಸ್ಟಿಕ್ ಕ್ಯಾನಿಗೆ ಕಪ್ಪು ಬಣ್ಣ ಬಳಿದು ತಾರಸಿಯ ಮೇಲೆ ಸಾಲಾಗಿ ಇಟ್ಟರು. ಬಿಸಿಲು ಬಂದ ದಿನ ಬಿಸಿನೀರು. ಬಾರದ ದಿನ ಕೈಕಾಲು ಮುಖ ತೊಳೆದುಕೊಂಡರೆ ಆಯಿತು. "ನಾವೇನ್ ಇಲ್ಲಿ ಗದ್ದೆ ಉಳ್ತೀವಾ?" ಗೃಹಪ್ರವೇಶಕ್ಕೆ ದೇವಿರಮ್ಮನ ತಮ್ಮ ಸುಂದರೇಶ ಕೊಟ್ಟಿದ್ದ ಗೀಸರು ಹನ್ನೊಂದು ವರ್ಷದಿಂದ ಸಜ್ಜದ ಮೇಲೆ ಪೆಟ್ಟಿಗೆಯೊಳಗೇ ತಪಸ್ಸು ಮಾಡುತ್ತಿತ್ತು.

ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಕೇಳುವವರಿಲ್ಲ. "ಕುಡಿಯಲ್ಲ, ಸೇದಲ್ಲ, ಕೈ ಎತ್ತಲ್ಲ. ಇನ್ನೇನಕ್ಕಾ ಬೇಕು ನಿಂಗೆ?" ಎಂದು ಸುಂದರೇಶನೇ ಕೇಳಿದ್ದ. ಕುಡುಕನ ಹೆಂಡತಿಯನ್ನು ಕಂಡರೆ ಬೀದಿಯೆಲ್ಲ ಅಯ್ಯೋ ಪಾಪ ಅನ್ನುತ್ತದೆ. ಸ್ವಿಚ್ ಆರಿಸುವವನ ಹೆಂಡತಿಗೆ ಯಾರು ಅನ್ನುತ್ತಾರೆ? ದೇವಿರಮ್ಮ ಬಾಯಿ ಮುಚ್ಚಿಕೊಂಡು ಬಾಳಿದರು.

ಬಾಯಿ ಮುಚ್ಚಿಕೊಳ್ಳಲಾಗದ ಸಂಗತಿಯೊಂದು ಬಂತು. ಮಗಳು ಸಿಂಚನಾಗೆ ಏಳು ತಿಂಗಳಾಯಿತು. ಚೊಚ್ಚಲು ಹೆರಿಗೆ, ಬಾಣಂತನ ತವರಿನಲ್ಲಿ ಆಗಬೇಕು. ಅವಳೋ ಹೂಟಗಳ್ಳಿಯ ಗಂಡನ ಮನೆಯಿಂದ ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. "ನಾನ್ ಬರಲ್ಲ ಕಣಮ್ಮ. ಬಾಣಂತಿಗೆ ನೀರು ಹಾಕೋಕೆ ದಿನಾ ಬೆಳಿಗ್ಗೆ ಸೂರ್ಯಂಗೆ ಅರ್ಜಿ ಹಾಕ್ಕೊಂಡು ಕೂತಿರ್ಬೇಕಾ?" ಹಿಂದಿನಿಂದ ಅವಳ ಅತ್ತೆ ಮಂಗಳಮ್ಮ, "ಪರವಾಗಿಲ್ಲ ಬುಡಿ ದೇವಿರಮ್ಮನೋರೆ, ನಮ್ಮನೇಲೇ ಮಾಡ್ಕತೀವಿ" ಎಂದರು. ಒಳ್ಳೆಯ ಮಾತೇ. ಆದರೆ ದೇವಿರಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. ಇದ್ದ ಒಬ್ಬಳು ಮಗಳ ಬಾಣಂತನ ಮಾಡಲಾಗದ ತಾಯಿ ಅನ್ನಿಸಿಕೊಂಡು ನೆಂಟರ ಮುಂದೆ ತಲೆ ಎತ್ತಿ ತಿರುಗುವುದು ಹೇಗೆ?

ಅಷ್ಟರಲ್ಲಿ ಸರ್ಕಾರ ಗೃಹಜ್ಯೋತಿ ತಂದಿತು. ಎದುರು ಮನೆಯ ಪದ್ಮಾವತಿ ಗೇಟಿನಲ್ಲೇ ನಿಂತು ಕೂಗಿದರು. "ಇನ್ನೂರು ಯೂನಿಟ್ ತಂಕ ಕರೆಂಟು ಬಿಟ್ಟಿ ಕಣ್ರೀ!" ದೇವಿರಮ್ಮನಿಗೆ ಎದೆ ತುಂಬಿ ಬಂತು. ಪ್ಲಂಬರನ್ನು ಕರೆಸಿ ಗೀಸರು ಕೂರಿಸಿಯೇ ಬಿಟ್ಟರು. ಚಿಕ್ಕದು, ಸ್ವಿಚ್ ಹಾಕಿದಷ್ಟು ಹೊತ್ತೇ ಬಿಸಿನೀರು ಬರುವಂಥದ್ದು. ಮಹದೇವು ಕೂಡ ತಕರಾರು ತೆಗೆಯಲಿಲ್ಲ. ಬಿಟ್ಟಿ ಎಂದ ಮೇಲೆ ಅವರದೇನು ಗಂಟು ಹೋಗಬೇಕು?

ಮೊದಲ ಬಿಲ್ಲು ಬಂದಾಗ ಗೊತ್ತಾಯಿತು, ಇನ್ನೂರು ಎಲ್ಲರಿಗೂ ಇಲ್ಲವಂತೆ. ಹಿಂದಿನ ವರ್ಷ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದೀರೋ ಅಷ್ಟು, ಅದರ ಮೇಲೆ ಹತ್ತು ಪರ್ಸೆಂಟು. ಮಹದೇವು ಸುಟ್ಟಿದ್ದು ಮೂವತ್ಮೂರು. ಅವರ ಪಾಲಿಗೆ ಬಂದದ್ದು ಮೂವತ್ತಾರು. ಫ್ರಿಜ್ಜು, ವಾಷಿಂಗ್ ಮೆಷಿನ್ನು, ಹಗಲೂ ಉರಿಯುವ ಮೀನಿನ ತೊಟ್ಟಿಯ ದೀಪ ಇಟ್ಟುಕೊಂಡ ಪದ್ಮಾವತಿಗೆ ನೂರ ಎಪ್ಪತ್ತು!

"ಹಾಳು ಮಾಡಿದೋರಿಗೆ ಬಹುಮಾನ, ಉಳಿಸ್ದೋನಿಗೆ ಚಿಪ್ಪು!" ಎಂದು ಮಹದೇವು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಜೀವಮಾನದ ಸಾಧನೆಗೆ ಸರ್ಕಾರ ಹೀಗೆ ಮಣ್ಣು ಹಾಕಬಾರದಿತ್ತು, ನಿಜ. ದೇವಿರಮ್ಮನಿಗೆ ಮಾತ್ರ ಒಳಗೊಳಗೇ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದರು. ಆದರೆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಮೂವತ್ತಾರು ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು ಎಂದು ಗೀಸರಿನ ಸ್ವಿಚ್ಚಿಗೆ ಮಹದೇವು ಟೇಪು ಸುತ್ತಿಟ್ಟರು.

ಮುಂದಿನ ತಿಂಗಳು ಅವರಿಗೆ ಮೀಟರೇ ದೇವರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ದರ್ಶನ. ರೀಡಿಂಗ್‌ನವನು ಬರುವ ಹಿಂದಿನ ದಿನ ನೋಡುತ್ತಾರೆ, ಇನ್ನೂ ಮೂವತ್ತೊಂದೇ ಆಗಿದೆ. ಐದು ಯೂನಿಟ್ಟು ಉಳಿದಿದೆ. ಉಳಿಯುವುದೆಂದರೆ ಈಗ ಅರ್ಥ ಬೇರೆ. ಉಳಿದದ್ದು ಸರ್ಕಾರಕ್ಕೆ ವಾಪಸ್ಸು.

"ಏ ದೇವೀ, ಎಲ್ಲಾ ಹಾಕು!" ಎಂದರು. ಹಾಡುಹಗಲಲ್ಲಿ ಮನೆಯ ಅಷ್ಟೂ ದೀಪ ಹತ್ತಿದವು. ಫ್ಯಾನು ತಿರುಗಿತು. ಯಾರೂ ನೋಡದ ಟೀವಿ ಕೂಗಿತು. ದೇವಿರಮ್ಮ ಗಂಡನ ಅಪ್ಪಣೆಯಂತೆ ಒಗೆದ ಕರವಸ್ತ್ರ, ದಿಂಬಿನ ಚೀಲ, ಕೊನೆಗೆ ಒಲೆ ಒರೆಸುವ ಬಟ್ಟೆಗೂ ಇಸ್ತ್ರಿ ಹಾಕಿದರು. ಎಷ್ಟು ಹಾಕಿದರೂ ಒಂದು ಯೂನಿಟ್ಟೂ ಸವೆಯಲಿಲ್ಲ.

ಆ ಹೊತ್ತಿಗೇ ಬಂದಳು ಸಿಂಚನ. ಆಗ ಎಂಟು ತುಂಬಿತ್ತು. ಡಾಕ್ಟರ ಹತ್ತಿರ ತೋರಿಸಿಕೊಂಡು, ಅಮ್ಮನನ್ನು ಒಂದು ಗಳಿಗೆ ನೋಡಿ ಹೋಗೋಣ ಎಂದು ಗಂಡ ಶಿವಕಿರಣ್ ಜೊತೆ ಆಟೋದಲ್ಲಿ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಮನೆ ಮದುವೆ ಛತ್ರದಂತೆ ಬೆಳಗುತ್ತಿತ್ತು. ಮಹದೇವು ಎದ್ದು ಬಂದು, "ದಣ್ಕಂಡು ಬಂದಿದ್ದೀಯ ಮಗಳೇ, ಸ್ನಾನ ಮಾಡು. ಗೀಸರ್ ಹಾಕ್ಕೊ. ಎಷ್ಟ್ ಬೇಕೋ ಅಷ್ಟ್ ಹುಯ್ಕೊ!" ಎಂದು ತಾವೇ ಟೇಪು ಕಿತ್ತರು.

ಸಿಂಚನಾಳ ಕಣ್ಣಲ್ಲಿ ನೀರು ಬಂತು. "ಅಪ್ಪ ಎಷ್ಟ್ ಬದಲಾಗಿದಾರಮ್ಮ!" ಎಂದಳು. ದೇವಿರಮ್ಮ ನಿಜ ಹೇಳಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮಗಳು, "ಇವತ್ತಿಂದ ಇಲ್ಲೇ ಇರ್ತೀನಿ, ಬಟ್ಟೆಬರೆ ಕಿರಣ್ ತಂದ್ಕೊಡ್ತಾರೆ" ಎಂದಾಗ ಆ ನಿಜವನ್ನು ನುಂಗಿ ನೀರು ಕುಡಿದರು. ತಾಯಿ ಆಸೆ, ಏನು ಮಾಡುತ್ತೀರಿ.

ಮರುದಿನ ಮಧ್ಯಾಹ್ನ ರೀಡಿಂಗ್‌ನವನು ಬಂದು ಹೋದ. ಹೊಸ ತಿಂಗಳು ಶುರುವಾಯಿತು. ಅದರ ಮರುದಿನ ಬೆಳಿಗ್ಗೆ ಮೋಡ ಮುಸುಕಿತ್ತು, ಸಿಂಚನ ಬಚ್ಚಲಲ್ಲಿದ್ದಳು. ತಲೆಗೆ ಸೀಗೆಪುಡಿ ಹಚ್ಚಿಕೊಂಡಿದ್ದಳು. ಹೊರಗೆ ಮಹದೇವು ಗಡಿಯಾರ ನೋಡುತ್ತ ನಿಂತಿದ್ದರು. ಟಪ್ ಎಂದು ಗೀಸರು ಆರಿತು. ಟಪ್ ಎಂದು ದೀಪವೂ ಆರಿತು.

"ಅಮ್ಮಾ!" ಎಂಬ ಕೂಗಿಗೆ ದೇವಿರಮ್ಮ ಸೌಟು ಬಿಸಾಡಿ ಓಡಿ ಬಂದು ಎರಡು ಸ್ವಿಚ್ಚನ್ನೂ ಹಾಕಿದರು. "ಬಸುರಿ ಹೆಂಗ್ಸು ರೀ! ಜಾರಿ ಬಿದ್ದಿದ್ರೆ?"

"ಎಂಟು ನಿಮಿಷ ಆಗಿತ್ತು ಕಣೆ. ಬಸುರಿ ಅಂತ ಮೀಟ್ರು ನಿಂತ್ಕತದಾ?" ಎಂದ ಮಹದೇವು, ನಿಜವಾದ ವ್ಯಥೆಯಿಂದಲೇ ಮುಂದುವರಿಸಿದರು. "ಹೆರಿಗೆ ಮಾರ್ಚಲ್ಲೋ ಏಪ್ರಿಲ್ಲಲ್ಲೋ ಬರೋ ಹಂಗೆ ನೋಡ್ಕಬೋದಾಗಿತ್ತು. ನಾಲ್ಕು ಕ್ಯಾನ್ ನೀರು ಪುಗಸಟ್ಟೆ ಕಾಯ್ತಿತ್ತು."

ಸಿಂಚನ ತಲೆ ಒರೆಸಿಕೊಂಡು ಗಂಡನಿಗೆ ಫೋನ್ ಮಾಡಿದಳು. ಆಟೋ ಬಂದಾಗ ಅದರಲ್ಲಿ ಎರಡು ಬ್ಯಾಗು ಏರಿದವು. ಎರಡನೆಯದು ದೇವಿರಮ್ಮನದು. ಬಾಣಂತಿಗೆಂದು ತಂದಿಟ್ಟಿದ್ದ ಹರಳೆಣ್ಣೆ, ಒಣಶುಂಠಿ, ಹಳೆಯ ಮೆತ್ತನೆ ಸೀರೆಗಳು ಅದರೊಳಗಿದ್ದವು. ಬೀಗರ ಮನೆಯಲ್ಲಿ ಕೂತು ಬಾಣಂತನ ಮಾಡುವ ಅವಮಾನ ಅವರನ್ನು ಸುಡುತ್ತಿತ್ತು. ಸುಟ್ಟರೆ ಸುಡಲಿ ಎಂದು ಏರಿ ಕೂತರು.

"ಎಷ್ಟ್ ದಿವ್ಸ?" ಎಂದು ಕೇಳಿದರು ಮಹದೇವು.

"ಮೂರು ತಿಂಗಳು."

ಮಹದೇವು ಆಕಾಶ ನೋಡಿ ಏನೋ ಲೆಕ್ಕ ಹಾಕಿದರು. ಬೇಡ ಎನ್ನಲಿಲ್ಲ.

ಹೆಣ್ಣು ಮಗು ಹುಟ್ಟಿತು. ಮಹದೇವು ಆಸ್ಪತ್ರೆಗೆ ಬಂದು, ಮೂಗು ನನ್ನದೇ ಎಂದು ಹೇಳಿ, ಸಿಟಿ ಬಸ್ಸು ಹಿಡಿದು ಹೋದರು. ಮಂಗಳಮ್ಮನ ಬಚ್ಚಲಲ್ಲಿ ಬೆಳಗಿನ ಜಾವದಿಂದಲೇ ಸೌದೆ ಉರಿಯುತ್ತಿತ್ತು, ಹಂಡೆ ತುಂಬ ನೀರು ಕುದಿಯುತ್ತಿತ್ತು. ಯಾರೂ ಗಡಿಯಾರ ನೋಡುತ್ತಿರಲಿಲ್ಲ. ದೇವಿರಮ್ಮ ಮಗಳಿಗೆ ಬೆನ್ನು ಕೆಂಪಾಗುವ ತನಕ ನೀರು ಹುಯ್ದರು. ತಮ್ಮ ಪಾಲಿಗೆ ಮಾತ್ರ ಅಭ್ಯಾಸಬಲದಿಂದ ಅರ್ಧ ಬಕೆಟ್ಟು.

ಮುಂದಿನ ತಿಂಗಳ ಒಂದು ಬೆಳಿಗ್ಗೆ ಅವರು ಕಾಲು ಚಾಚಿ, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಾಗ ಫೋನ್ ಬಂತು. ಕೈಯೆಲ್ಲ ಎಣ್ಣೆಯಾಗಿದ್ದರಿಂದ ಮಂಗಳಮ್ಮನೇ ಸ್ಪೀಕರ್ ಹಾಕಿ ಹಿಡಿದರು.

"ಏ ದೇವೀ! ಬಿಲ್ ಬಂತು ಕಣೆ! ಎಷ್ಟ್ ಗೊತ್ತಾ? ಒಂಬತ್ತು! ನೀನಿಲ್ದೆ ಇದ್ರೆ ಮನೆ ಒಂಬತ್ತೇ ಯೂನಿಟ್ಟಲ್ಲಿ ನಡೀತದೆ ಕಣೆ!"

ಮಗಳು ಹುಟ್ಟಿದಾಗಲೂ ಆ ದನಿಯಲ್ಲಿ ಅಷ್ಟು ಸಂತೋಷವನ್ನು ದೇವಿರಮ್ಮ ಕೇಳಿರಲಿಲ್ಲ. ಮಂಗಳಮ್ಮ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಅದೇ ಹೆಚ್ಚು ನೋಯಿಸಿತು. ಮೂವತ್ತೊಂದು ವರ್ಷ ಬೇಯಿಸಿ ಹಾಕಿದ್ದು, ಒಗೆದದ್ದು, ಹೆತ್ತದ್ದು, ಕತ್ತಲಲ್ಲಿ ಬೆರಳು ಸವೆಸಿದ್ದು, ಎಲ್ಲ ಸೇರಿ ಆ ಮನುಷ್ಯನ ಲೆಕ್ಕದಲ್ಲಿ ತಾವು ಮೂವತ್ಮೂರರಲ್ಲಿ ಒಂಬತ್ತು ಕಳೆದು ಉಳಿದ ಇಪ್ಪತ್ನಾಲ್ಕು ಯೂನಿಟ್ಟಿನ ಖರ್ಚು!

"ಹಂಗಾದ್ರೆ ಒಂಬತ್ತರಲ್ಲೇ ಸುಖವಾಗಿರಿ," ಎಂದರು. "ಮೂರು ತಿಂಗಳು ಅಂದಿದ್ನಲ್ಲ, ಅದನ್ನ ಮರ್ತುಬುಡಿ."

ಫೋನಿನಲ್ಲಿ ಮಹದೇವು ಅವರ ದನಿ ಬಂತು, ಸಣ್ಣಗೆ, ಎಂದೂ ಇಲ್ಲದಷ್ಟು ಮೆತ್ತಗೆ. "ಅಲ್ಲ ಕಣೆ... ನೀನ್ ಬರ್ದೇ ಹೋದ್ರೆ ಮೂವತ್ತಾರ್ರಲ್ಲಿ ಮಿಕ್ಕಿದ ಇಪ್ಪತ್ತೇಳು ತಿಂಗ್ ತಿಂಗಳೂ ವಾಪಸ್ ಹೋಯ್ತವಲ್ಲ. ಅದನ್ನ ಯಾರ್ ಖರ್ಚು ಮಾಡೋದು?"

ಫೋನು ಇಡಿ ಎಂದು ದೇವಿರಮ್ಮ ಮಂಗಳಮ್ಮನಿಗೆ ಕಣ್ಣಲ್ಲೇ ಹೇಳಿದರು.

"ಮಂಗಳಮ್ಮನೋರೆ, ಒಲೆಗೆ ಇನ್ನೆರಡು ಸೌದೆ ಹಾಕಿ," ಎಂದರು. "ಮಗೀನ ಸ್ನಾನ ಮುಗೀಲಿ. ಇವತ್ತು ನಾನೂ ಒಂದು ಹಂಡೆ ಹುಯ್ಕತೀನಿ."