ರತ್ನವ್ವನ ಕೈಗೆ ಅಂಟಿಸಿದ ಸುಳ್ಳು

ಆ ಮೂರು ಮೀನುಗಳನ್ನು ಬೇಯಿಸಿ ಕೊಂದವಳು ನಾನು. ರತ್ನವ್ವ ಅಲ್ಲ. ನಾಲ್ಕು ವರ್ಷ ಇಷ್ಟನ್ನು ಬಾಯೊಳಗೇ ಇಟ್ಟುಕೊಂಡು ಊಟ ಮಾಡಿದ್ದೇನೆ — ನನ್ನ ಬಾಯಿಯ ಮೇಲೇ ನನಗೆ ಹೇಸಿಗೆ ಬಂದಿದೆ.

ಯಮಕನಮರಡಿಯ ಹೆದ್ದಾರಿ ಬಾಜೂ ದಸ್ತಗೀರ ಕಾಕಾ ಬಣ್ಣದ ಮೀನುಗಳ ಅಂಗಡಿ ಇಟ್ಟಿದ್ದಾರೆ. ಅಲ್ಲಿ ಮೀನುಗಳ ಆರೈಕೆ ನನ್ನದು. ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವಳು. ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಓದಿದವಳು. ಆ ಹೆಮ್ಮೆ ಇವತ್ತಿಗೂ ಇದೆ. ಆದರೆ ಅದೇ ಹೆಮ್ಮೆ ಆ ದಿನ ಎಂಥ ಹೊಲಸು ಕೆಲಸ ಮಾಡಿಸಿತು ಎಂದರೆ —

ರತ್ನವ್ವ ನಮ್ಮ ಓಣಿಯವಳು. ಅಂಗಡಿಯಲ್ಲಿ ತೊಟ್ಟಿ ತೊಳೆಯಲು ಬರುತ್ತಿದ್ದಳು. ಅದಕ್ಕೂ ಮೊದಲು, ಮುಂಜಾನೆ, ಬಾಣಂತಿ ಮನೆಗಳಲ್ಲಿ ಕೂಸುಗಳಿಗೆ ನೀರೆರೆಯುತ್ತಿದ್ದಳು. ಪಕ್ಕದೂರು ಹತ್ತರಗಿಯಿಂದಲೂ ಕರೆ ಬರುತ್ತಿತ್ತು. ಆ ಕೈಗೆ ಅಂಥ ಹೆಸರು. ಮೊಣಕೈ ಅದ್ದಿ ನೀರಿನ ಹದ ನೋಡದೆ ಒಂದು ತಂಬಿಗೆಯನ್ನೂ ಕೂಸಿನ ಮೇಲೆ ಸುರಿದವಳಲ್ಲ. ಚಳಿಗಾಲದಲ್ಲಿ ನಮ್ಮ ತೊಟ್ಟಿಗಳಿಗೂ ಹಾಗೆಯೇ — ಬೋರಿನ ತಣ್ಣೀರಿಗೆ ಹಂಡೆಯ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ, ‘ಹಾಂ, ಕೂಸಿಗೆ ಆಗತೈತಿ’ ಅಂದ ಮೇಲೇ ತುಂಬುತ್ತಿದ್ದಳು. ನಾನು ನಗುತ್ತಿದ್ದೆ.

ಆ ಜನವರಿಯಲ್ಲಿ ಕಾಕಾ ಸಿಹಿನೀರಿನ ಮೂರು ತೊರಕೆ ಮೀನು ತರಿಸಿದ್ದರು. ದುಂಡಗೆ, ಚಪ್ಪಟೆಯಾಗಿ, ಬಾಲದಲ್ಲಿ ಮುಳ್ಳು. ‘ರೊಟ್ಟಿಗೆ ಕಣ್ಣ ಬಂದಾವ ನೋಡ್ರಿ!’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅವಕ್ಕೆ ನೀರು ಇಪ್ಪತ್ತೇಳು ಡಿಗ್ರಿಯ ಆಸುಪಾಸಿನಲ್ಲಿರಬೇಕು. ಅದಕ್ಕೆ ಹೀಟರ್, ಹೀಟರಿಗೊಂದು ಮೀಟರ್. ಮೀಟರಿನ ವೈರಿನ ತುದಿ ಸದಾ ನೀರಿನಲ್ಲಿ ಮುಳುಗಿರಬೇಕು. ಅದು ಅಳೆದದ್ದನ್ನು ನಂಬಿ ಹೀಟರ್ ಉರಿಯುತ್ತದೆ, ಆರುತ್ತದೆ.

ಅವತ್ತು ನೀರು ಬದಲಿಸಲು ಆ ತುದಿಯನ್ನು ಎತ್ತಿ ಹೊರಗೆ ಇಳಿಬಿಟ್ಟವಳು ನಾನು. ರತ್ನವ್ವ ಹದ ಮಾಡಿದ ನೀರು ತುಂಬಿದಳು. ತುದಿಯನ್ನು ಮರಳಿ ಒಳಗೆ ಹಾಕಲು ನಾನು ಮರೆತೆ. ಮೀಟರ್ ಹೊರಗಿನ ಚಳಿಗಾಳಿಯನ್ನು ಅಳೆಯುತ್ತಿತ್ತು. ಇಪ್ಪತ್ತೆರಡು ಕಂಡು, ನೀರು ತಣ್ಣಗಾಗಿದೆ ಎಂದುಕೊಂಡು, ಇನ್ನೊಂದು ಹೀಟರನ್ನೂ ಹಚ್ಚಿದೆ. ತಾಸಿನ ಮೇಲೆ, ಹುಕ್ಕೇರಿಯಲ್ಲಿ ಕೆಲಸವಿದೆಯೆಂದು ಹೊರಟಾಗ, ತೊಟ್ಟಿಗೆ ಮೊಣಕೈ ಅದ್ದಿದ ರತ್ನವ್ವ ಕೂಗಿದಳು.

‘ಅವ್ವಿ, ನೀರ ಬಿಸಿ ಏರಾಕತ್ತೈತಿ. ಮೀನ ಅಂಚು ಮ್ಯಾಲಕ ಸುತ್ತಾಕತ್ತಾವ ನೋಡು.’

‘ಮೀಟರ್ ಇಪ್ಪತ್ತೆರಡು ತೋರ್ಸಾಕತ್ತೈತಿ, ಚಿಗವ್ವ. ಬಿಎಸ್ಸಿ ನೀ ಮಾಡೀಯೋ, ನಾ ಮಾಡೇನೋ?’

‘ನೀನ ಮಾಡೀ ಬಿಡು. ನನ್ನ ಮೊಣಕೈ ಸಾಲಿಗೆ ಹೋಗಿಲ್ಲ,’ ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ‘ಖರೇನ ಹೇಳ್ತೇನಿ, ಇದು ಕೂಸಿಗೆ ಆಗೂ ನೀರಲ್ಲ.’

‘ಯಾವುದನ್ನೂ ಮುಟ್ಟಬ್ಯಾಡ.’

ನಾಲ್ಕು ಗಂಟೆಗೆ ಮರಳಿದಾಗ ತೊಟ್ಟಿಯ ಮುಚ್ಚಳ ತೆಗೆದರೆ ಬೆಚ್ಚನೆಯ ಕೊಳೆತ ವಾಸನೆ. ಮೂರೂ ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದವು. ಎತ್ತಿದರೆ ಚರ್ಮ ಲೋಳೆಯಾಗಿ ಬೆರಳಿಗೆ ಬಂತು. ವೈರಿನ ತುದಿ ಗಾಜಿನ ಹೊರಗೆ ಜೋತಾಡುತ್ತಿತ್ತು.

ಆಗ ನಾನು ಮಾಡಿದ ಮೊದಲ ಕೆಲಸ — ಆ ತುದಿಯನ್ನು ನೀರಿಗೆ ಹಾಕಿದೆ. ಎರಡನೆಯ ಹೀಟರನ್ನು ತೆಗೆದು ಒರೆಸಿ ಕಪಾಟಿನಲ್ಲಿಟ್ಟೆ. ಆಮೇಲೆ ಕಾಕಾನನ್ನು ಕರೆದೆ. ‘ರತ್ನವ್ವ ಹಂಡೇದ ನೀರ ಹಂಗ ಸುರುವ್ಯಾಳ್ರಿ ಕಾಕಾ.’

ರತ್ನವ್ವನನ್ನು ಮನೆಯಿಂದ ಕರೆಸಿದರು. ‘ಹದಾ ಮಾಡೇ ಹಾಕೇನ್ರಿ. ಬಿಸಿ ಏರಾಕತ್ತೈತಿ ಅಂತ ಈಕಿಗೆ ಹೇಳೇನ್ರಿ,’ ಅಂದಳು. ಕಾಕಾ ನನ್ನತ್ತ ತಿರುಗಿದರು. ನಾನು ತಲೆ ಅಲ್ಲಾಡಿಸಿದೆ — ಇಲ್ಲ, ಹೇಳಿಲ್ಲ. ಓದಿದವಳ ತಲೆ. ಕಾಕಾ ಅದನ್ನೇ ನಂಬಿದರು.

ಅಂಗಡಿಯ ಕೆಲಸವಷ್ಟೇ ಹೋಗಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳೇನೋ. ಆದರೆ ಸಂತೆಯಲ್ಲಿ ಯಾರೋ ಹಲ್ಲು ಕಿಸಿದು, ‘ಮೀನ ಕುದಿಸಿದಾಕಿ ಕೈಯಾಗ ಕೂಸ ಕೊಡ್ತೀರೇನ್ರಿ?’ ಅಂದರು. ಮಾತು ಮನೆಮನೆ ತಿರುಗಿತು. ಕರೆಗಳು ನಿಂತವು. ಅದೇ ತಿಂಗಳು ಕಾಕಾನ ಮಗಳು ಹೆತ್ತಾಗ ಎರೆಯಲು ಬೇರೆ ಹೆಂಗಸು ಬಂದಳು. ನಾನು ಪೇಡೆ ತಿಂದು ಬಂದೆ. ಅಂದಿನಿಂದ ರತ್ನವ್ವ ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಾಳೆ.

ಹೋದ ವಾರ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

‘ಆ ವೈರ್ ಹೊರಗ ಜೋತಾಡೂದು ನಾನೂ ನೋಡಿದ್ನಿ. ಒಳಗ ಹಾಕಬೇಕಂತಿದ್ನಿ. ಮುಟ್ಟಬ್ಯಾಡ ಅಂದಿದ್ದಿ.’

ನಾನು ಅತ್ತೆ. ಅವಳು ನನ್ನ ಅಳು ಮುಗಿಯಲೆಂದು ಕಾದಳು.

‘ನನಗ ಹೇಳಿ ಏನ ಮಾಡ್ತಿ? ನನಗ ಗೊತ್ತಿದ್ದದ್ದ ಐತಿ. ಕೂಸ ಇದ್ದ ಮನ್ಯಾಗ ಹೇಳ ಹೋಗು.’

ಕ್ಷಮೆ ಸಿಗಬಹುದೆಂಬ ಆಸೆಯಿಂದಲೇ ಅಲ್ಲಿಗೆ ಹೋಗಿದ್ದೆ ಎಂದು ಆಗ ತಿಳಿಯಿತು. ಅದಕ್ಕೂ ನಾಚಿಕೆ — ಅಲ್ಲಿಯೂ ನನಗಾಗಿ ಏನೋ ಕೇಳಲು ಹೋಗಿದ್ದೆ.

ಕಾಕಾನ ಸೊಸೆ ಈಗ ಹನ್ನೆರಡು ದಿನದ ಬಾಣಂತಿ. ನಾಳೆ ಕೂಸಿಗೆ ಎರೆಯುವ ಹೊತ್ತಿಗೆ ಹೋಗಿ, ಮನೆಯ ಹೆಂಗಸರೆಲ್ಲ ಸೇರಿರುವಾಗ ಇಲ್ಲಿ ಬರೆದದ್ದನ್ನೆಲ್ಲ ಓದುತ್ತೇನೆ. ನಂತರ ಹತ್ತರಗಿ. ನಂತರ ಉಳಿದ ಮನೆಗಳು. ಕೂಸನ್ನು ರತ್ನವ್ವನ ಕೈಗೆ ಮತ್ತೆ ಕೊಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಪ್ರತಿ ಮನೆಯಲ್ಲೂ ಇದನ್ನೇ ಬರೆದ ಒಂದು ಹಾಳೆ ಬಿಟ್ಟು ಬರುತ್ತೇನೆ — ಕೆಳಗೆ ನನ್ನ ಪೂರ್ತಿ ಹೆಸರು ಬರೆದು, ಸಹಿ ಹಾಕಿ.