ಹದಿನಾಲ್ಕನೇ ಪುಟದ ಬಚ್ಚಲು

ಗೆರ್ಲಿಂಡ್ ಪೆಟ್ಸೋಲ್ಡ್ ನನ್ನ ಪಕ್ಕದ ಮೇಜಿನವಳು. ಲೈಪ್ಜಿಗ್‌ನ ನಮ್ಮ ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು. ಆಮದಿಗಿಂತ ರಫ್ತು ಹೆಚ್ಚಿ ದೇಶದಲ್ಲಿ ದುಡ್ಡು ಮಿಕ್ಕಿತು, ಬ್ಯಾಂಕು ಬಡ್ಡಿ ಇಳಿಸಿತು, ಆ ದುಡ್ಡೆಲ್ಲ ಮನೆಗಳ ಬೆನ್ನು ಹತ್ತಿತು ಎಂದು ನಮ್ಮ ಪಿಎಚ್‌ಡಿ ಡಾಕ್ಟರುಗಳು ನೂರು ವಿಧದಲ್ಲಿ ಬರೆದರು, ಅವಳು ನೂರು ಸಲ ತಿದ್ದಿದಳು. ಅದೇ ದುಡ್ಡು ಒಂದು ದಿನ ಅವಳ ಬಾಡಿಗೆ ಮನೆಯನ್ನೂ ಕೊಂಡುಕೊಂಡಿತು.

ಮನೆ ಕೊಂಡ ಕಂಪನಿ ಮೊದಲು ಒಂದು ಫಾರ್ಮ್ ಕಳಿಸಿತು. ಮನೆಯಲ್ಲಿ ಏನೇನು ಸೌಕರ್ಯವಿದೆ? ಫಾರ್ಮ್ ಕಂಡರೆ ಸಾಕು, ಎಲ್ಲ ಖಾನೆ ತುಂಬಿಯೇ ಏಳುವ ಜನ ನಾವು. ಬಚ್ಚಲಿಗೆ ನೀಲಿ ಟೈಲ್ಸ್, ಹೊಸ ತೊಟ್ಟಿ ಎಂದು ಇವಳು ದುಂಡಗೆ ಬರೆದು, ಕೇಳಿದಂತೆ ಫೋಟೋವನ್ನೂ ಅಂಟಿಸಿದಳು. ಅದನ್ನೆಲ್ಲ ಎರಡು ಬೇಸಿಗೆ ಮೊಣಕಾಲೂರಿ ಹಾಕಿದವನು ತೀರಿಹೋದ ಗಂಡ ಮಾನ್‌ಫ್ರೆಡ್. ಯಾರು ಹಾಕಿದ್ದೆಂದು ಫಾರ್ಮ್ ಕೇಳಿರಲಿಲ್ಲ, ಇವಳು ಬರೆಯಲಿಲ್ಲ. ಅಯ್ಯೋ ಪೆದ್ದೇ! ‘ಸುಸಜ್ಜಿತ ಮನೆ’ ಎಂದು ಬಾಡಿಗೆ ಏರಿತು. ಹೋಗಿ ಕೇಳಿದರೆ, “ನಿಮ್ಮ ಯಜಮಾನ್ರು ಹಾಕಿದ್ದಕ್ಕೆ ಬಿಲ್ ಎಲ್ಲಿ?” ಎಂದರು.

ಅದೇ ವಾರ ಡಾಕ್ಟರ್ ಲೋಜೆಯ ವರದಿ ಕರಡು ತಿದ್ದಲು ಅವಳ ಮೇಜಿಗೆ ಬಂತು. ‘ಹೂಡಿಕೆದಾರರಿಂದ ಮನೆಗಳ ಗುಣಮಟ್ಟ ಏರಿದೆ, ಬಾಡಿಗೆ ಏರಿಕೆ ಅದರ ಫಲ.’ ಹದಿನಾಲ್ಕನೇ ಪುಟದಲ್ಲಿ ಕಂಪನಿ ಕೊಟ್ಟ ಫೋಟೋ. ನೀಲಿ ಟೈಲ್ಸ್! ಗೆರ್ಲಿಂಡ್ ಆ ಪುಟ ಹಿಡಿದು ನೇರ ಲೋಜೆಯ ಕೋಣೆಗೆ ನಡೆದಳು, ಅವಳ ಹಿಂದೆ ನಾನು.

“ಡಾಕ್ಟ್ರೇ, ಇದು ನನ್ ಬಚ್ಚಲು. ಹಾಕಿದ್ದು ನಮ್ಮನೆಯವ್ರು. ಈ ಸಾಲು ತೆಗೀರಿ.”

“ಛೇ, ಪೆಟ್ಸೋಲ್ಡ್ ಅವ್ರೇ, ಒಂದು ಬಚ್ಚಲಿಂದ ಸರಾಸರಿ ಬದ್ಲಾಗುತ್ತಾ?”

“ಉಳ್ದ ಬಾಡಿಗೆಯೋರ್ನ ಕೇಳಿದ್ರಾ?”

“ಯಾಕೆ? ಕಂಪ್ನಿ ಅಂಕಿಅಂಶ ಕೊಟ್ಟಿದೆಯಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. “ನಾಚ್ಕೆ ಆಗಲ್ವೇನ್ರೀ ನಿಮ್ಗೆ?” ಎಂದೇಬಿಟ್ಟೆ. ಆತ ಊಟಕ್ಕೆ ಹೊರಟುಹೋದ.

ಬಾಡಿಗೆ ಅವಳ ಕೈಮೀರಿತು. ಮನೆ ಬಿಡುವಾಗ ತಾವು ಹಾಕಿದ್ದನ್ನು ಬಾಡಿಗೆದಾರರೇ ಕಿತ್ತೊಯ್ಯಬೇಕು, ನಮ್ಮಲ್ಲಿ ಅದು ಕರಾರಿನ ಮಾತು. ಅವಳು ಉಳಿ ಹಿಡಿದಳು, ನಾನು ಸುತ್ತಿಗೆ. ಕೀಲಿಗೆ ಬಂದ ಕಂಪನಿಯವನು ಬರೀ ಇಟ್ಟಿಗೆ ನೋಡಿ ಕಿರುಚಿದ: “ಏನಮ್ಮಾ ಇದು! ಟೈಲ್ಸ್ ನಮ್ದು!”

“ಹೌದಾ? ಬಿಲ್ ತೋರ್ಸಪ್ಪಾ,” ಎಂದಳು ಗೆರ್ಲಿಂಡ್.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ, ಬರಿದಾದ ಗೋಡೆಯನ್ನೇ ನೋಡುತ್ತಿದ್ದಳು.

ವರದಿ ಆ ಫೋಟೋ ಸಮೇತ ಅಚ್ಚಾಯಿತು, ಮಂತ್ರಿಗಳ ಮೇಜಿಗೂ ಹೋಯಿತು. ಗೆರ್ಲಿಂಡ್ ಈಗ ಊರಾಚೆ ಗ್ರೂನೌನ ಒಂದೇ ಕೋಣೆಯಲ್ಲಿದ್ದಾಳೆ, ಮಾನ್‌ಫ್ರೆಡ್‌ನ ಟೈಲ್ಸ್ ಮಂಚದ ಕೆಳಗೆ ಏಳು ಡಬ್ಬಗಳಲ್ಲಿವೆ. ಆ ಕಟ್ಟಡವನ್ನೂ ಹೋದ ತಿಂಗಳು ಅದೇ ಕಂಪನಿ ಕೊಂಡಿತು.