ಪುಟ್ಟಾಚಾರಿ ನೋಡಿದ ಫೋಟೋ

ಮೊನ್ನೆ ನಾಗಮಂಗಲಕ್ಕೆ ಹೋಗುತ್ತಿದ್ದಾಗ ರಸ್ತೆ ಬದಿಯ ಕುಲುಮೆಯ ಇದ್ದಿಲ ವಾಸನೆ ಬಸ್ಸಿನ ಕಿಟಕಿಯೊಳಗೆ ನುಗ್ಗಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಹೊಣಕೆರೆ ಕಡೆಯ ಕಮ್ಮಾರ ಪುಟ್ಟಾಚಾರಿ ನೆನಪಾದರು.

ಪಾಂಡವಪುರದಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ನನಗೆ ಕ್ಯಾಮೆರಾದ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ನಮ್ಮಂಥ ಏಳೆಂಟು ಹವ್ಯಾಸಿಗಳು ತಿಂಗಳಿಗೊಂದು ಭಾನುವಾರ ಕರಿಘಟ್ಟದ ಮೆಟ್ಟಿಲ ಮೇಲೆ ಸೇರಿ, ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ತಪ್ಪು ಒಪ್ಪು ಹೇಳುತ್ತಿದ್ದೆವು. ಹೇಳುತ್ತಿದ್ದೆವು ಎಂದೆನಲ್ಲ, ಹೆಚ್ಚಾಗಿ ಹೇಳುತ್ತಿದ್ದವನು ನಾನೇ. ನನ್ನದೊಂದು ಚಿತ್ರಕ್ಕೆ ಬಹುಮಾನ ಬಂದಿತ್ತು; ಆಮೇಲೆ ಕೇಳಬೇಕೆ? ಅದು ಪುಟ್ಟಾಚಾರಿಯ ಕುಲುಮೆಯದೇ ಚಿತ್ರ. ಕಾದ ಕಬ್ಬಿಣ, ಎತ್ತಿದ ಸುತ್ತಿಗೆ, ಸಿಡಿವ ಕಿಡಿ.

ಎರಡು ವರ್ಷದ ಮೇಲೆ ಒಂದು ಭಾನುವಾರ ಪುಟ್ಟಾಚಾರಿಯೇ ನಮ್ಮ ಗುಂಪಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಸಂಕೋಚದಿಂದ ತಮ್ಮ ಮೊಬೈಲು ಮುಂದೆ ಹಿಡಿದರು. ಅದೇ ಕುಲುಮೆಯ ಒಂದು ಮೂಲೆ. ಕತ್ತಲು, ಮಸುಕು, ಒಂದು ಮಣೆ.

"ಇದರಲ್ಲಿ ಏನೂ ಇಲ್ಲವಲ್ಲ" ಎಂದೆ. ಯಾರೋ ನಕ್ಕರು. ಪುಟ್ಟಾಚಾರಿ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಕೊನೆಯವರೆಗೂ ಉಳಿದವರ ಚಿತ್ರ ನೋಡುತ್ತ ಕೂತಿದ್ದರು. ಮುಂದಿನ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಆ ಮಣೆ ಅವರ ಹೆಂಡತಿ ಗೌರಮ್ಮನದು, ಆಕೆ ತೀರಿಕೊಂಡು ಆರು ತಿಂಗಳಾಗಿತ್ತು ಎಂದು ಅವರ ಊರಿನ ಗೆಳೆಯರೊಬ್ಬರು ಆಮೇಲೆ ಹೇಳಿದರು.

ಮಾರನೆಯ ದಿನವೇ ಅವರ ಕುಲುಮೆಗೆ ಹೋದೆ. ಏನೇನೋ ತೊದಲಿದೆ.

"ಏನೂ ಇಲ್ಲ ಅಂದ್ರಿ. ದಿಟವೇಯ ಸಾ" ಎಂದರು ಪುಟ್ಟಾಚಾರಿ. "ಅದ್ನೇ ನಾನು ತಗ್ದಿದ್ದು. ಆದ್ರೆ ನೋಡ್ದೋರ್ಗೆ ಅದು ಯಾಕೆ ಕಾಣ್ನಿಲ್ಲ, ಎಲ್ ತಪ್ಪಾಯ್ತು, ಅದ ಏಳ್ಬೇಕಿತ್ತು ನೀವು. ಕುಡ್ಲು ಕುಯ್ಯಾಕಿಲ್ಲ ಅಂತ ತಂದ್ರೆ, ಇಲ್ಲಿ ಮೊಂಡಾಗದೆ ಅಂತ ತೋರುಸ್ತೀನಿ ನಾನು."

ಅಂದು ಮಧ್ಯಾಹ್ನವೆಲ್ಲ ಅಲ್ಲೇ ಕಳೆದೆವು. ಬಾಗಿಲು ಪೂರ್ತಿ ತೆಗೆಯಲು ಹೇಳಿದೆ. ಅವರನ್ನು ನೆಲದ ಮಟ್ಟಕ್ಕೆ ಕೂರಿಸಿದೆ. ಬಿಸಿಲು ಜರುಗಿ ಮಣೆಯ ಮೇಲೆ ಬಿದ್ದಾಗ, ಕೂತು ಕೂತು ಅದರಲ್ಲಿ ಬಿದ್ದಿದ್ದ ತಗ್ಗು ಕಂಡಿತು. ಅವರು ಮೊಬೈಲಿನ ಗುಂಡಿ ಒತ್ತಿದರು. ಬಹಳ ಹೊತ್ತು ನೋಡಿ, "ಈಗ ಅವ್ಳು ಇಲ್ದಿರೋದು ಕಾಣ್ತದೆ" ಎಂದರು.

ಹೊರಡುವಾಗ ಮೆಲ್ಲಗೆ ಕೇಳಿದರು: "ಸಾ, ನೀವು ತಗ್ದಿದ್ರಲ್ಲ ಆ ಫೋಟೋ, ಅವತ್ತು ಇಲ್ಲೇ ಕುಂತು ಬೆಂಕಿಗೆ ತಿದಿ ತಿರುಗುಸ್ತಿದ್ಲು ನಮ್ಮವ್ಳು. ಅದ್ರಲ್ಲಿ ಎಲ್ಲೋದ್ಲು?"

ಎಲ್ಲಿ ಹೋದಳೆಂದು ನನಗೆ ಗೊತ್ತಿತ್ತು. ಚಿತ್ರದ ಅಂಚಿನಲ್ಲಿ ಅಡ್ಡ ಬಂದಿದ್ದಾಳೆಂದು ನಾನೇ ಕತ್ತರಿಸಿದ್ದೆ. ಮನೆಗೆ ಬಂದು ಹಳೆಯ ಕಡತಗಳನ್ನೆಲ್ಲ ಜಾಲಾಡಿ ಮೂಲ ಚಿತ್ರ ಹುಡುಕಿದೆ. ಸಿಕ್ಕಿತು. ಶ್ರೀರಂಗಪಟ್ಟಣದ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ ತೆಗೆದುಕೊಂಡು ಹೋದೆ.

ಪುಟ್ಟಾಚಾರಿ ಕೈ ತೊಳೆದುಕೊಂಡು ಬಂದು ಚಿತ್ರ ಹಿಡಿದರು. ಗೌರಮ್ಮನ ಬಳೆಯ ಕೈ, ಬೆವೆತ ಅರ್ಧ ಮುಖ. ಉಳಿದರ್ಧ ಕ್ಯಾಮೆರಾದೊಳಕ್ಕೇ ಬಂದಿರಲಿಲ್ಲ. ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಕೆಲಸ ಕಲಿಯುವವನಿಗೆ ಹೇಳುವಷ್ಟೇ ಮೃದುವಾಗಿ, ಅಂಚಿನ ಮೇಲೆ ಬೆರಳಿಟ್ಟು ಹೇಳಿದರು: "ಒಂದೆಜ್ಜೆ ಇಂದಕ್ಕೆ ನಿಂತಿದ್ರೆ ಪೂರ್ತಿ ಬರೋಳು ಸಾ."

ನನ್ನ ಚಿತ್ರಗಳ ಬಗ್ಗೆ ಅಷ್ಟು ಸರಿಯಾದ ಮಾತನ್ನು ಯಾರೂ ಹೇಳಿರಲಿಲ್ಲ.

ಈ ಭಾನುವಾರ ಕೆ.ಆರ್. ಪೇಟೆಯಿಂದ ಹೊಸದಾಗಿ ಬಂದ ನರ್ಸೊಬ್ಬರು, ವಾಲಿದ ಬಾಗಿಲೊಂದರ ಚಿತ್ರ ತೋರಿಸಿ, "ಎಂಗದೆ ಸಾರ್?" ಎಂದರು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ.

"ಇದು ಯಾರ ಮನೆ ಬಾಗಿಲಮ್ಮ?" ಎಂದು ಕೇಳಿದೆ.

ಆಕೆ ಬ್ಯಾಗು ಕೆಳಗಿಟ್ಟು, ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತರು.